ತರಬೇತಿ ಸಿಕ್ಕಿತು, ಕಚೇರಿಗೆ ಏನು ದಕ್ಕಿತು?

ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಕೆಲಸ ಸ್ಥಗಿತಗೊಳಿಸಿ ತಾಲ್ಲೂಕು ಕಚೇರಿಗಳ ಎದುರು ಧರಣಿ ಕುಳಿತಿದ್ದರು. 2025ರ ಫೆಬ್ರುವರಿಯಲ್ಲಿ ಅದೇ ಧರಣಿ ಮತ್ತೆ ನಡೆಯಿತು. ವೇತನ, ಬಡ್ತಿ, ವರ್ಗಾವಣೆಯಂಥ ಮಾಮೂಲಿ ಬೇಡಿಕೆಗಳ ನಡುವೆ ಅವರ ಒಂದು ಅಹವಾಲು ಹೊಸದಾಗಿತ್ತು. ಬೆಳೆ ಸಮೀಕ್ಷೆ, ಬಗರ್‌ಹುಕುಂ, ಪೌತಿ ಖಾತೆ ಎಂದು ಪ್ರತಿಯೊಂದು ಕೆಲಸಕ್ಕೂ ಒಂದೊಂದು ಮೊಬೈಲ್ ಆ್ಯಪ್ ಬಂದಿದೆ. ಅವುಗಳ ಸಂಖ್ಯೆ ಹತ್ತನ್ನು ಮೀರಿದೆ. ಅದಕ್ಕೆ ತಕ್ಕ ಫೋನಾಗಲಿ, ಕಂಪ್ಯೂಟರಾಗಲಿ, ಇಂಟರ್ನೆಟ್ ಆಗಲಿ ಇಲಾಖೆ ಕೊಟ್ಟಿಲ್ಲ ಎಂಬುದು ಅವರ ದೂರು. ಉಪಕರಣಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಅವನ್ನು ಬಳಸಲು ಆ ನೌಕರರನ್ನು ಎಷ್ಟರ ಮಟ್ಟಿಗೆ ಸಜ್ಜುಗೊಳಿಸಲಾಗಿತ್ತು ಎಂಬ ಪ್ರಶ್ನೆ ಮಾತ್ರ ಹೆಚ್ಚಿಗೆ ಕೇಳಿಬರಲಿಲ್ಲ.

ಆ ಪ್ರಶ್ನೆ ಕೇಳಿಬರದಿರುವುದಕ್ಕೆ ಕಾರಣವಿದೆ. ಸುತ್ತೋಲೆ ಹೊರಟರೆ ಕೆಲಸ ಬಂದಂತೆಯೇ ಎಂಬ ನಂಬಿಕೆ ನಮ್ಮ ಆಡಳಿತದಲ್ಲಿ ಹಳೆಯದು. ಹೊಸ ಕಾಯ್ದೆ ಬಂದಾಗ, ಹೊಸ ತಂತ್ರಾಂಶ ಬಂದಾಗ ಜಿಲ್ಲಾ ಕೇಂದ್ರದಲ್ಲಿ ಅರ್ಧ ದಿನದ ಸಭೆ ನಡೆಸಿ, ಹಾಜರಿ ಪುಸ್ತಕದಲ್ಲಿ ಸಹಿ ಪಡೆದು, ‘ತರಬೇತಿ ನೀಡಲಾಗಿದೆ’ ಎಂದು ವರದಿ ಕಳುಹಿಸಿದರೆ ಆ ಅಧ್ಯಾಯ ಮುಗಿಯಿತು. ನಂತರ ತಪ್ಪಾದರೆ ಅದು ನೌಕರನ ಹೊಣೆ.

ಆದರೆ ತಪ್ಪಿನ ದಂಡ ತೆರುವವರು ಬೇರೆ. ಪಹಣಿಯ 9ನೇ ಕಾಲಂನಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಅಥವಾ 11ನೇ ಕಾಲಂನಲ್ಲಿ ತೀರಿಹೋದ ಸಾಲ ಹಾಗೆಯೇ ಉಳಿದುಕೊಂಡರೆ ಆ ರೈತನಿಗೆ ಬ್ಯಾಂಕಿನಲ್ಲಿ ಹೊಸ ಸಾಲ ಸಿಗುವುದಿಲ್ಲ. ತಿದ್ದುಪಡಿಗೆ ಅರ್ಜಿ, ಅದು ನಿಂತರೆ ಮೇಲ್ಮನವಿ, ಅದಕ್ಕೊಬ್ಬ ವಕೀಲರು, ಹಲವು ದಿನಗಳ ಕೂಲಿ ನಷ್ಟ. ಕೌಂಟರಿನ ಆಚೆ ಕುಳಿತವರಿಗೆ ಕೆಲಸ ತಿಳಿಯದಿದ್ದರೆ ಅದರ ಬೆಲೆಯನ್ನು ಈಚೆ ನಿಂತವರು ಕಟ್ಟುತ್ತಾರೆ. ಈ ವೆಚ್ಚ ಯಾವ ಆಯವ್ಯಯದಲ್ಲೂ ಕಾಣುವುದಿಲ್ಲ. ಹಾಗಾಗಿಯೇ ತರಬೇತಿಗೆ ಹಣ ಕೇಳಿದಾಗ ಅದು ದುಂದುವೆಚ್ಚದಂತೆ ತೋರುತ್ತದೆ.

ನೀತಿಗೆ ಬರವಿಲ್ಲ

ನಮ್ಮಲ್ಲಿ ತರಬೇತಿಯ ಕುರಿತು ಚಿಂತನೆಯೇ ನಡೆದಿಲ್ಲ ಎಂದು ಹೇಳಲಾಗದು. ಕೇಂದ್ರ ಸರ್ಕಾರ 1996ರಲ್ಲಿಯೇ ರಾಷ್ಟ್ರೀಯ ತರಬೇತಿ ನೀತಿಯನ್ನು ಪ್ರಕಟಿಸಿ, ಪ್ರತಿ ಇಲಾಖೆಯೂ ತನ್ನ ವೇತನ ವೆಚ್ಚದ ಶೇ 1.5ರಷ್ಟನ್ನು ತರಬೇತಿಗೆ ಮೀಸಲಿಡಬೇಕೆಂದು ಸೂಚಿಸಿತ್ತು. 2012ರ ಪರಿಷ್ಕೃತ ನೀತಿ ಈ ಪ್ರಮಾಣವನ್ನು ಶೇ 2.5ಕ್ಕೆ ಏರಿಸಿತು; ಹುದ್ದೆಗೆ ಬೇಕಾದ ಸಾಮರ್ಥ್ಯ ಯಾವುದು ಎಂದು ಗುರುತಿಸಿ ಆನಂತರ ತರಬೇತಿ ರೂಪಿಸಬೇಕೆಂದೂ, ಕೆಳಹಂತದಿಂದ ಮೇಲ್ಹಂತದವರೆಗೆ ಎಲ್ಲ ನೌಕರರಿಗೂ ಅದು ದೊರೆಯಬೇಕೆಂದೂ ಹೇಳಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ನೀಡಿತು. ಸುಮಾರು 46 ಲಕ್ಷ ಕೇಂದ್ರ ನೌಕರರನ್ನು ಗುರಿಯಾಗಿಟ್ಟು, ಐದು ವರ್ಷಗಳಿಗೆ 510.86 ಕೋಟಿ ರೂಪಾಯಿ ನಿಗದಿಪಡಿಸಲಾಯಿತು. 2021ರಲ್ಲಿ ಸಾಮರ್ಥ್ಯ ವರ್ಧನೆಗೆಂದೇ ಒಂದು ಆಯೋಗ ರಚನೆಯಾಯಿತು. ಆನ್‌ಲೈನ್ ಕಲಿಕೆಗೆ ‘ಐಗಾಟ್’ ಎಂಬ ವೇದಿಕೆ ಬಂತು. ರಾಜ್ಯಗಳೂ ಅದನ್ನು ಬಳಸಬಹುದು.

ಸಂಸ್ಥೆಗಳಿಗೂ ಕೊರತೆಯಿಲ್ಲ. ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ರಾಜ್ಯದ ಆಡಳಿತ ತರಬೇತಿ ಸಂಸ್ಥೆ ಇದೆ. ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಪಂಚಾಯತ್ ರಾಜ್ ವ್ಯವಸ್ಥೆಗೆ ಮೈಸೂರಿನಲ್ಲಿಯೇ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ; ದೂರದ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನು ಉಪಗ್ರಹ ಸಂಪರ್ಕದ ಮೂಲಕ ಏಕಕಾಲಕ್ಕೆ ತಲುಪುವ ಪ್ರಯೋಗವನ್ನು ಈ ಸಂಸ್ಥೆ ಎರಡು ದಶಕಗಳ ಹಿಂದೆಯೇ ಮಾಡಿತ್ತು. ಪೊಲೀಸ್, ಅರಣ್ಯ, ನ್ಯಾಯಾಂಗ, ಸಹಕಾರ ಇಲಾಖೆಗಳಿಗೆ ಪ್ರತ್ಯೇಕ ತರಬೇತಿ ಶಾಲೆಗಳಿವೆ.

ನೀತಿಯೂ ಇದೆ, ಕಟ್ಟಡವೂ ಇದೆ. ಹಾಗಿದ್ದರೆ ಕೊರತೆ ಎಲ್ಲಿದೆ? ತರಬೇತಿ ಕೊಠಡಿಯ ಒಳಗೆ ನಡೆಯುವುದಕ್ಕಿಂತ ಅದರ ಬಾಗಿಲಿನ ಎರಡೂ ಬದಿಗಳಲ್ಲಿ ನಡೆಯುವುದರಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ಒಳಗೆ ಬರುವವರು ಯಾರು, ಹೊರಗೆ ಹೋದ ಮೇಲೆ ಅವರು ಯಾವ ಕುರ್ಚಿಯಲ್ಲಿ ಕೂರುತ್ತಾರೆ ಎಂಬೆರಡು ವಿಷಯಗಳನ್ನು ಸರಿಪಡಿಸದೆ ಪಠ್ಯಕ್ರಮವನ್ನು ಎಷ್ಟು ಬಾರಿ ಪರಿಷ್ಕರಿಸಿದರೂ ಫಲವಿಲ್ಲ.

ಬಿಟ್ಟುಕೊಡಬಹುದಾದ ನೌಕರ

ಮೊದಲನೆಯದನ್ನು ನೋಡೋಣ. ತರಬೇತಿ ಸಂಸ್ಥೆಯಿಂದ ಪತ್ರ ಬರುತ್ತದೆ: ಇಂಥ ದಿನಾಂಕದಿಂದ ಐದು ದಿನ, ಇಂಥ ವಿಷಯ, ಇಬ್ಬರನ್ನು ನಿಯೋಜಿಸಿ. ಕಚೇರಿಯ ಮುಖ್ಯಸ್ಥರು ಆಗ ಕೇಳಿಕೊಳ್ಳುವುದು ‘ಇದು ಯಾರಿಗೆ ಬೇಕು’ ಎಂದಲ್ಲ, ‘ಯಾರನ್ನು ಬಿಟ್ಟುಕೊಡಬಹುದು’ ಎಂದು. ಕಡತಗಳನ್ನು ನಿಜವಾಗಿ ನಡೆಸುವ ವಿಷಯ ನಿರ್ವಾಹಕರನ್ನು ಐದು ದಿನ ಕಳುಹಿಸಿದರೆ ಶಾಖೆ ನಿಂತುಹೋಗುತ್ತದೆ. ಆದ್ದರಿಂದ ಕೈಯಲ್ಲಿ ಕೆಲಸ ಕಡಿಮೆ ಇರುವವರು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವವರು, ಕಚೇರಿಯಲ್ಲಿ ಇರುವುದಕ್ಕಿಂತ ಹೊರಗಿದ್ದರೇ ಮೇಲು ಎನಿಸಿಕೊಂಡವರು ಮೈಸೂರಿನ ಬಸ್ಸು ಹತ್ತುತ್ತಾರೆ. ನಾನು ಸೇವೆ ಸಲ್ಲಿಸಿದ ಒಂದು ಜಿಲ್ಲಾ ಕಚೇರಿಯಲ್ಲಿ ಒಬ್ಬರೇ ಗುಮಾಸ್ತರು ಒಂದೇ ವರ್ಷದಲ್ಲಿ ಖಜಾನೆ ನಿಯಮಗಳು, ಮಾಹಿತಿ ಹಕ್ಕು, ವಿಪತ್ತು ನಿರ್ವಹಣೆ ಈ ಮೂರೂ ತರಬೇತಿಗಳಿಗೆ ಹೋಗಿಬಂದಿದ್ದರು. ಅವರು ನೋಡಿಕೊಳ್ಳುತ್ತಿದ್ದುದು ಟಪಾಲು ಶಾಖೆ. ಸಹೋದ್ಯೋಗಿಗಳು ಅವರನ್ನು ‘ನಮ್ಮ ಟ್ರೈನಿಂಗ್ ಸಾಹೇಬರು’ ಎಂದು ಕರೆಯುತ್ತಿದ್ದರು. ಪ್ರಮಾಣಪತ್ರಗಳನ್ನೆಲ್ಲ ಅವರು ಒಂದು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಕಚೇರಿಯ ಮುಖ್ಯಸ್ಥರನ್ನೂ ಪೂರ್ತಿ ದೂಷಿಸಲಾಗದು. ಸರ್ಕಾರವೇ ಇತ್ತೀಚಿನ ವರ್ಷಗಳಲ್ಲಿ ನೀಡಿರುವ ಅಂಕಿಅಂಶಗಳ ಪ್ರಕಾರ ರಾಜ್ಯದಲ್ಲಿ ಮಂಜೂರಾಗಿರುವ ಏಳೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಖಾಲಿ. ಮೂವರು ಮಾಡಬೇಕಾದ ಕೆಲಸವನ್ನು ಇಬ್ಬರು ಮಾಡುತ್ತಿರುವ ಕಡೆ, ಆ ಇಬ್ಬರಲ್ಲಿ ಒಬ್ಬರ ಬಳಿ ಬೇರೊಂದು ಶಾಖೆಯ ಪ್ರಭಾರವೂ ಇರುವಾಗ, ಐದು ದಿನದ ಬಿಡುಗಡೆ ಸಣ್ಣ ಮಾತಲ್ಲ. ವಿಚಿತ್ರವೆಂದರೆ ಸಿಬ್ಬಂದಿ ಕಡಿಮೆಯಾದಷ್ಟೂ ಇರುವವರು ಹೆಚ್ಚು ನುರಿತಿರಬೇಕು. ಆದರೆ ಸಿಬ್ಬಂದಿ ಕಡಿಮೆಯಾದಷ್ಟೂ ಅವರನ್ನು ನುರಿತವರನ್ನಾಗಿಸುವ ಅವಕಾಶವೂ ಕುಗ್ಗುತ್ತದೆ.

ಖಾಲಿ ಹುದ್ದೆಗಳು ಮತ್ತೊಂದು ನಷ್ಟವನ್ನೂ ತಂದಿವೆ. ನಮ್ಮ ಕಚೇರಿಗಳಲ್ಲಿ ನಿಜವಾದ ತರಬೇತಿ ಬಹುಕಾಲ ನಡೆದದ್ದು ಹಿರಿಯರ ಮೇಜಿನ ಪಕ್ಕದಲ್ಲಿ. ಟಿಪ್ಪಣಿ ಹೇಗೆ ಬರೆಯಬೇಕು, ಹಿಂದಿನ ಆದೇಶವನ್ನು ಎಲ್ಲಿ ಹುಡುಕಬೇಕು, ಯಾವ ಮಾತನ್ನು ಕಡತದ ಮೇಲೆ ಬರೆಯಲೇಬೇಕು, ಯಾವುದನ್ನು ಬರೆಯಕೂಡದು ಎಂಬುದನ್ನು ಹೊಸ ದ್ವಿತೀಯ ದರ್ಜೆ ಸಹಾಯಕ ಕಲಿತದ್ದು ತನ್ನ ಶಿರಸ್ತೇದಾರರಿಂದ ಬೈಸಿಕೊಳ್ಳುತ್ತಾ. ಕಲಿಸುವವರು ನಿವೃತ್ತರಾಗಿ, ಅವರ ಹುದ್ದೆ ವರ್ಷಗಟ್ಟಲೆ ಖಾಲಿ ಉಳಿದು, ಆಮೇಲೆ ಹೊಸಬರು ನೇಮಕವಾಗಿ ಬಂದಾಗ ಆ ಮೇಜಿನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಪರಂಪರೆಯ ಈ ಕೊಂಡಿ ಕಳಚಿದ ಮೇಲೆ ಔಪಚಾರಿಕ ತರಬೇತಿಯ ಹೊಣೆ ಇಮ್ಮಡಿಯಾಗಿದೆ.

ಕಲಿಕೆಯೂ ವರ್ಗವಾಗುತ್ತದೆ

ಎರಡನೆಯದು, ತರಬೇತಿಯ ನಂತರದ ಕುರ್ಚಿ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಮಾನವ ಬಂಡವಾಳದ ಕುರಿತ ಗ್ರಂಥದಲ್ಲಿ ತರಬೇತಿಯನ್ನು ಎರಡು ಬಗೆಯಾಗಿ ನೋಡಿದ್ದಾರೆ. ಯಾವ ಉದ್ಯೋಗದಾತನ ಬಳಿಯೂ ಉಪಯೋಗಕ್ಕೆ ಬರುವ ಸಾಮಾನ್ಯ ಕೌಶಲ ಒಂದು. ಆಯಾ ಸಂಸ್ಥೆಗಷ್ಟೇ ಬೇಕಾಗುವ ವಿಶಿಷ್ಟ ಕೌಶಲ ಇನ್ನೊಂದು. ಮೊದಲನೆಯದಕ್ಕೆ ಖಾಸಗಿ ಮಾಲೀಕ ಹಣ ಹಾಕಲು ಹಿಂಜರಿಯುತ್ತಾನೆ, ಏಕೆಂದರೆ ಕಲಿತವನು ನಾಳೆ ಪ್ರತಿಸ್ಪರ್ಧಿಯ ಬಳಿ ಹೋಗಬಹುದು. ಎರಡನೆಯದಕ್ಕೆ ಹಣ ಹಾಕುತ್ತಾನೆ, ಏಕೆಂದರೆ ಅದರ ಫಲ ಅವನಿಗೇ ದಕ್ಕುತ್ತದೆ.

ಸರ್ಕಾರಕ್ಕೆ ಮೇಲ್ನೋಟಕ್ಕೆ ಈ ಸಮಸ್ಯೆ ಇರಬಾರದು. ಸರ್ಕಾರಿ ನೌಕರ ಮೂವತ್ತು ವರ್ಷ ಒಬ್ಬನೇ ಮಾಲೀಕನ ಬಳಿ ಇರುತ್ತಾನೆ. ಆದರೆ ಆಡಳಿತದ ಒಳಗೆ ನಿಂತು ನೋಡಿದರೆ ಚಿತ್ರ ಬದಲಾಗುತ್ತದೆ. ನೌಕರನನ್ನು ಬಿಡುಗಡೆ ಮಾಡಿ ನಷ್ಟ ಅನುಭವಿಸುವುದು ಒಂದು ಕಚೇರಿ; ಮುಂದಿನ ಸಾರ್ವತ್ರಿಕ ವರ್ಗಾವಣೆಯಲ್ಲಿ ಅವನನ್ನು ಪಡೆದು ಲಾಭ ಮಾಡಿಕೊಳ್ಳುವುದು ಇನ್ನೊಂದು. ಹಾಗಿರುವಾಗ ತಹಶೀಲ್ದಾರರೋ ಕಾರ್ಯನಿರ್ವಾಹಕ ಎಂಜಿನಿಯರರೋ ಬೆಕರ್ ವಿವರಿಸಿದ ಖಾಸಗಿ ಮಾಲೀಕನಂತೆಯೇ ವರ್ತಿಸಿದರೆ ಆಶ್ಚರ್ಯವಿಲ್ಲ. ಅವರು ಲೆಕ್ಕ ಹಾಕುವುದು ತಮ್ಮ ಕಚೇರಿಯ ಈ ವರ್ಷದ ಕೆಲಸವನ್ನು.

ಎಷ್ಟೋ ಬಾರಿ ಕಲಿಕೆ ಇನ್ನೊಂದು ಕಚೇರಿಗೂ ದಕ್ಕದೆ ವ್ಯರ್ಥವಾಗುತ್ತದೆ. ಭೂಸ್ವಾಧೀನದ ಕಾಯ್ದೆಯಲ್ಲಿ ತರಬೇತಿ ಪಡೆದವರು ಚುನಾವಣಾ ಶಾಖೆಗೆ ಹೋಗುತ್ತಾರೆ. ಟೆಂಡರ್ ಪ್ರಕ್ರಿಯೆಯ ಪಾರದರ್ಶಕತೆ ಕಾಯ್ದೆಯನ್ನು ಕಲಿತುಬಂದವರು ಸಿಬ್ಬಂದಿ ಶಾಖೆಗೆ ಹೋಗುತ್ತಾರೆ. ಅವರ ಜಾಗಕ್ಕೆ ಬರುವವರು ಮೊದಲಿನಿಂದ ಆರಂಭಿಸಬೇಕು. ವರ್ಗಾವಣೆಗೆ ಕನಿಷ್ಠ ಅವಧಿಯ ಮಾರ್ಗಸೂಚಿಗಳಿವೆ. ಅವಧಿಪೂರ್ವ ವರ್ಗಾವಣೆಗೆ ವಿಶೇಷ ಅನುಮೋದನೆಯ ದಾರಿಯೂ ಇದೆ, ಆ ದಾರಿಯಲ್ಲಿ ಸಂಚಾರ ಎಂದೂ ಕಡಿಮೆಯಾಗಿಲ್ಲ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳಿಗೆ ನಿಶ್ಚಿತ ಅವಧಿ ಇರಬೇಕೆಂದು ಹೇಳಿತು. ಆ ತೀರ್ಪನ್ನು ನಾವು ಅಧಿಕಾರಿಗಳ ಸ್ವಾತಂತ್ರ್ಯದ ದೃಷ್ಟಿಯಿಂದಷ್ಟೇ ಓದಿದ್ದೇವೆ. ಕಲಿತದ್ದನ್ನು ಬಳಸಲು ಬೇಕಾದ ಕಾಲಾವಕಾಶದ ದೃಷ್ಟಿಯಿಂದಲೂ ಅದನ್ನು ಓದಬೇಕಿತ್ತು.

ಕುರ್ಚಿ ಬದಲಾಗದಿದ್ದರೂ ಇನ್ನೊಂದು ಅಡಚಣೆ ಕಾದಿರುತ್ತದೆ. ತರಬೇತಿಯಿಂದ ಉತ್ಸಾಹದಿಂದ ಮರಳಿದ ಕಿರಿಯ ನೌಕರ ಹೊಸ ವಿಧಾನದಲ್ಲಿ ಟಿಪ್ಪಣಿ ಮಂಡಿಸಿದರೆ ಮೇಲಿನವರು ‘ಹಿಂದಿನಂತೆ ಮಂಡಿಸಿ’ ಎಂದು ಬರೆದು ಹಿಂದಿರುಗಿಸುತ್ತಾರೆ. ಅವರಿಗೆ ಆ ತರಬೇತಿ ಆಗಿರುವುದಿಲ್ಲ. ಎರಡು ಬಾರಿ ಹೀಗಾದರೆ ಮೂರನೆಯ ಬಾರಿ ಆ ಕಿರಿಯ ನೌಕರ ಹಿಂದಿನಂತೆಯೇ ಮಂಡಿಸುತ್ತಾನೆ.

ಪಟ್ಟಿಯಲ್ಲಿ ಇಲ್ಲದವರು

ತರಬೇತಿಯ ಹಂಚಿಕೆಯಲ್ಲಿಯೂ ಸಮತೋಲನವಿಲ್ಲ. 2003ರ ಯುಗಂಧರ್ ಸಮಿತಿಯ ಶಿಫಾರಸಿನ ನಂತರ ಐಎಎಸ್ ಅಧಿಕಾರಿಗಳಿಗೆ ಸೇವಾವಧಿಯ ಮಧ್ಯದಲ್ಲಿ ಹಂತಹಂತವಾದ ಕಡ್ಡಾಯ ತರಬೇತಿ ಜಾರಿಗೆ ಬಂತು. ಅದು ಸ್ವಾಗತಾರ್ಹ. ಆದರೆ ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕರಿಗೆ ಸೇವೆಗೆ ಸೇರಿದಾಗಿನ ವೃತ್ತಿ ಬುನಾದಿ ತರಬೇತಿ, ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳು ಮುಗಿದ ಮೇಲೆ ಕ್ರಮಬದ್ಧವಾದುದು ಏನಿದೆ? ಇಲಾಖಾ ಪರೀಕ್ಷೆಗಳೂ ಬಡ್ತಿಗೆ ದಾಟಬೇಕಾದ ಹೊಸ್ತಿಲುಗಳಾಗಿವೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಪಾಸು ಮಾಡಿದ ಲೆಕ್ಕಪತ್ರ ಪರೀಕ್ಷೆಯ ಬಲದಿಂದಲೇ ಐವತ್ತೈದರಲ್ಲಿ ಖಜಾನೆ ತಂತ್ರಾಂಶವನ್ನು ನಿಭಾಯಿಸಬೇಕೆಂದು ನಿರೀಕ್ಷಿಸುತ್ತೇವೆ.

ಇದಕ್ಕಿಂತ ಗಂಭೀರವಾದದ್ದು ಹೊರಗುತ್ತಿಗೆ ಸಿಬ್ಬಂದಿಯ ಸ್ಥಿತಿ. ಇಂದು ಬಹುತೇಕ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುವವರು ಏಜೆನ್ಸಿಯ ಮೂಲಕ ಬಂದ ಡಾಟಾ ಎಂಟ್ರಿ ಆಪರೇಟರ್‌ಗಳು. ಸಾರ್ವಜನಿಕರ ಅರ್ಜಿಯನ್ನು ಮೊದಲು ಮುಟ್ಟುವವರು ಅವರು, ದಾಖಲೆಯಲ್ಲಿ ಅಕ್ಷರ ಮೂಡಿಸುವವರೂ ಅವರು. ನಿಯೋಜನೆಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಇರುವುದಿಲ್ಲ, ಏಕೆಂದರೆ ಅವರು ಸರ್ಕಾರಿ ನೌಕರರಲ್ಲ; ಪ್ರಯಾಣ ಭತ್ಯೆ, ದಿನಭತ್ಯೆಯ ನಿಯಮಗಳೂ ಅವರಿಗೆ ಅನ್ವಯಿಸುವುದಿಲ್ಲ. ಪರಿಣಾಮವಾಗಿ ತಂತ್ರಾಂಶದ ತರಬೇತಿಗೆ ಅದನ್ನು ಎಂದೂ ಬಳಸದ ಕಾಯಂ ನೌಕರರು ಹೋಗಿಬರುತ್ತಾರೆ. ಬಳಸುವವರು ಪಕ್ಕದ ತಾಲ್ಲೂಕಿನ ಗೆಳೆಯನಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ಲಾಗಿನ್ ಅಧಿಕಾರಿಯ ಹೆಸರಿನಲ್ಲಿ, ಪಾಸ್‌ವರ್ಡ್ ಆಪರೇಟರ್ ಕೈಯಲ್ಲಿ, ತಿಳಿವಳಿಕೆ ಇಬ್ಬರಲ್ಲೂ ಅರ್ಧರ್ಧ. ಇಂಥ ಏರ್ಪಾಡು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ.

ಭಾಷೆಯ ತೊಡಕೂ ಇದೆ. 1963ರ ರಾಜಭಾಷಾ ಅಧಿನಿಯಮದ ಮೇರೆಗೆ ನಮ್ಮ ಆಡಳಿತ ಭಾಷೆ ಕನ್ನಡ. ಹೊಸ ತಂತ್ರಾಂಶದ ಬಳಕೆ ಕೈಪಿಡಿ ಬರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕೇಂದ್ರದ ಆನ್‌ಲೈನ್ ವೇದಿಕೆಯಲ್ಲಿ ಕನ್ನಡದ ಪಾಠಗಳು ಹೋಲಿಕೆಯಲ್ಲಿ ಕಡಿಮೆ. ಉಪನ್ಯಾಸಕರು ಇಂಗ್ಲಿಷ್ ಸ್ಲೈಡುಗಳನ್ನು ತೋರಿಸುತ್ತಾ ಅರ್ಧ ಕನ್ನಡದಲ್ಲಿ ಮಾತನಾಡುತ್ತಾರೆ. ಕೇಳುವವರು ಮರುದಿನ ಶುದ್ಧ ಕನ್ನಡದಲ್ಲಿ ಹಿಂಬರಹ ನೀಡಬೇಕು. ಇನ್ನು ಬೋಧನೆಯ ವಿಷಯ. ಸಮಯ ನಿರ್ವಹಣೆ, ಒತ್ತಡ ನಿರ್ವಹಣೆ, ವ್ಯಕ್ತಿತ್ವ ವಿಕಸನಗಳ ಮೇಲೆ ಉಪನ್ಯಾಸಕರು ಸುಲಭವಾಗಿ ಸಿಗುತ್ತಾರೆ. ನಿಜವಾದ ಒಂದು ಕಡತವನ್ನು ಎದುರಿಗಿಟ್ಟು, ಅದು ಎಲ್ಲಿ ದಾರಿತಪ್ಪಿತು, ಲೆಕ್ಕಪರಿಶೋಧಕರು ಏಕೆ ಆಕ್ಷೇಪಿಸಿದರು, ನ್ಯಾಯಾಲಯ ಏಕೆ ಆದೇಶವನ್ನು ರದ್ದುಗೊಳಿಸಿತು ಎಂದು ತೋರಿಸಿಕೊಡಬಲ್ಲವರು ವಿರಳ. ಅಂಥವರನ್ನು ತರಬೇತಿ ಸಂಸ್ಥೆಗೆ ನಿಯೋಜಿಸಿದರೆ ಅವರ ಸಹೋದ್ಯೋಗಿಗಳು ಮೊದಲು ಕೇಳುವುದು, ‘ಯಾರ ಸಿಟ್ಟಿಗೆ ಗುರಿಯಾದಿರಿ?’ ಎಂದು. ಬೋಧಕ ಹುದ್ದೆಯನ್ನು ಮೂಲೆಗುಂಪು ಎಂದು ಭಾವಿಸುವವರೆಗೆ ಒಳ್ಳೆಯ ಬೋಧಕರು ಉಳಿಯಲಾರರು. ಕೇಂದ್ರ ಸರ್ಕಾರ ತನ್ನ ತರಬೇತಿ ಸಂಸ್ಥೆಗಳಿಗೆ ನಿಯೋಜನೆ ಮೇಲೆ ಬರುವ ಬೋಧಕರಿಗೆ ಪ್ರತ್ಯೇಕ ತರಬೇತಿ ಭತ್ಯೆ ನೀಡುತ್ತಿರುವುದು ಈ ಕಾರಣಕ್ಕಾಗಿಯೇ.

ತಲೆ ಎಣಿಕೆಯ ಲೆಕ್ಕ

ತರಬೇತಿಯ ಫಲವನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದ್ದರು. ಭಾಗವಹಿಸಿದವರಿಗೆ ಹಿಡಿಸಿತೇ? ಅವರು ಏನಾದರೂ ಕಲಿತರೇ? ಕೆಲಸದಲ್ಲಿ ಅವರ ನಡವಳಿಕೆ ಬದಲಾಯಿತೇ? ಸಂಸ್ಥೆಯ ಫಲಿತಾಂಶ ಸುಧಾರಿಸಿತೇ? ನಮ್ಮಲ್ಲಿ ಕೊನೆಯ ದಿನ ಮಧ್ಯಾಹ್ನ ತುಂಬಿಸಿಕೊಳ್ಳುವ ಅಭಿಪ್ರಾಯ ನಮೂನೆ ಮೊದಲ ಮೆಟ್ಟಿಲಿಗೇ ಮುಗಿಯುತ್ತದೆ. ಅದರಲ್ಲಿ ಊಟ, ವಸತಿ, ಉಪನ್ಯಾಸ ಎಲ್ಲವೂ ‘ಉತ್ತಮ’. ವಾರ್ಷಿಕ ವರದಿಯಲ್ಲಿ ಬರುವುದು ಇಷ್ಟು ಕಾರ್ಯಕ್ರಮ, ಇಷ್ಟು ಮಂದಿ ಎಂಬ ತಲೆ ಎಣಿಕೆ. ಆನ್‌ಲೈನ್ ಕಲಿಕೆ ಈ ಎಣಿಕೆಯನ್ನು ಇನ್ನಷ್ಟು ಸುಲಭಗೊಳಿಸಿದೆ. ಪರದೆಯ ಮೇಲೆ ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುವಾಗ ನೌಕರರು ಬೇರೆ ಕಡತ ನೋಡುತ್ತಿದ್ದರೂ ಪ್ರಮಾಣಪತ್ರ ಬರುತ್ತದೆ. ಅಂತಹ ವೇದಿಕೆಗಳಿಂದ ಉಪಯೋಗವಿಲ್ಲವೆಂದಲ್ಲ. ಬೀದರಿನ ನೌಕರರು ಮೈಸೂರಿಗೆ ಬರದೆಯೇ ಕಲಿಯಬಹುದಾದದ್ದು ದೊಡ್ಡ ಅನುಕೂಲ. ನೋಡಿದ ಗಂಟೆಗಳನ್ನೇ ಕಲಿಕೆಯೆಂದು ಲೆಕ್ಕ ಹಾಕಬಾರದು ಎಂಬುದಷ್ಟೇ ವಿವೇಕ.

ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲಿಗೆ ಬೇಕಾದ ಮಾಹಿತಿ ನಮ್ಮಲ್ಲಿ ಆಗಲೇ ಇದೆ. 2011ರ ಸಕಾಲ ಕಾಯ್ದೆಯಡಿ 2012ರಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ಆರಂಭವಾದ ವ್ಯವಸ್ಥೆ ಇಂದು ಅನೇಕ ಪಟ್ಟು ಬೆಳೆದಿದೆ. ಪ್ರತಿ ಕಚೇರಿಯಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ತಡವಾಯಿತು, ಎಷ್ಟು ತಿರಸ್ಕೃತವಾಯಿತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಕಾಲಮಿತಿಯೊಳಗೆ ತಿರಸ್ಕರಿಸಿದ ಅರ್ಜಿಯೂ ಅಂಕಿಅಂಶದಲ್ಲಿ ‘ವಿಲೇವಾರಿ’ಯೇ. ನಿಯಮ ಗೊತ್ತಿಲ್ಲದ ನೌಕರರಿಗೆ ತಿರಸ್ಕಾರಕ್ಕಿಂತ ಸುರಕ್ಷಿತ ದಾರಿ ಇನ್ನೊಂದಿಲ್ಲ. ಒಂದು ಕಚೇರಿಯಲ್ಲಿ ತಿರಸ್ಕಾರದ ಪ್ರಮಾಣ ನೆರೆಯ ಕಚೇರಿಗಿಂತ ಬಹಳ ಹೆಚ್ಚಿದ್ದರೆ, ಅಲ್ಲಿ ಯಾರಿಗೆ ಯಾವ ತರಬೇತಿ ಬೇಕೆಂಬುದನ್ನು ಆ ಅಂಕಿಯೇ ಹೇಳುತ್ತದೆ. ತರಬೇತಿ ಸಂಸ್ಥೆಯವರು ಆ ಅಂಕಿಯನ್ನು ಕೇಳಿ ಪಡೆಯುವ ಪದ್ಧತಿ ಇನ್ನೂ ಬೆಳೆದಿಲ್ಲ.

ಎಲ್ಲಿ ಫಲಿಸಿತು?

ನಮ್ಮದೇ ರಾಜ್ಯದಲ್ಲಿ ತರಬೇತಿ ಫಲಿಸಿದ ಉದಾಹರಣೆಯೂ ಇದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಅಂದಿನ ಗ್ರಾಮ ಲೆಕ್ಕಿಗರಲ್ಲಿ ಅನೇಕರು ಕಂಪ್ಯೂಟರನ್ನು ಮುಟ್ಟಿಯೂ ನೋಡಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿ ವ್ಯವಸ್ಥೆ ನೆಲೆಯೂರಿತು. ಇದಕ್ಕೆ ಉಪನ್ಯಾಸಗಳಷ್ಟೇ ಕಾರಣವಾಗಿದ್ದರೆ ಬೇರೆ ಯೋಜನೆಗಳೂ ಹಾಗೆಯೇ ಯಶಸ್ವಿಯಾಗಬೇಕಿತ್ತು. ಅಲ್ಲಿ ಮೂರು ಸಂಗತಿಗಳು ಕೂಡಿಬಂದಿದ್ದವು. ಹೊಸದಾಗಿ ಸೇವೆಗೆ ಬಂದಿದ್ದ ಯುವ ಗ್ರಾಮ ಲೆಕ್ಕಿಗರನ್ನು ಆರಿಸಿ ಕಿಯೋಸ್ಕ್ ಕೆಲಸಕ್ಕೆಂದೇ ಸಜ್ಜುಗೊಳಿಸಲಾಯಿತು. ಬೆರಳಚ್ಚಿನ ಮೂಲಕವೇ ಕಂಪ್ಯೂಟರ್ ತೆರೆಯುವಂತೆ ಮಾಡಿದ್ದರಿಂದ ತರಬೇತಿ ಪಡೆದವರೇ ಆ ಕೆಲಸ ಮಾಡಬೇಕಾಯಿತು, ತಪ್ಪಾದರೆ ಯಾರ ಕೈಯಿಂದ ಎಂಬುದೂ ತಿಳಿಯುವಂತಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದು ತಾಲ್ಲೂಕಿನಲ್ಲಿಯೂ ವ್ಯವಸ್ಥೆ ಜಾರಿಯಾದೊಡನೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಹಳೆಯ ದಾರಿ ಮುಚ್ಚಿದ್ದರಿಂದ ಕಲಿತದ್ದನ್ನು ಬಳಸದೆ ಗತ್ಯಂತರವಿರಲಿಲ್ಲ.

ಸಾರ್ವಜನಿಕ ರಂಗದ ಬೇರೆಡೆಯೂ ಇದೇ ಸೂತ್ರ ಕಾಣುತ್ತದೆ. ರೈಲ್ವೆಯ ಲೋಕೊ ಪೈಲಟ್ ನಿಗದಿತ ಅವಧಿಗೊಮ್ಮೆ ಪುನಶ್ಚೇತನ ತರಬೇತಿ ಮುಗಿಸದಿದ್ದರೆ ಅವರನ್ನು ರೈಲು ಓಡಿಸಲು ಬಿಡುವುದಿಲ್ಲ. ಅಲ್ಲಿ ‘ಬಿಟ್ಟುಕೊಡಲು ಆಗುವುದಿಲ್ಲ’ ಎಂಬ ಮಾತಿಗೆ ಅವಕಾಶವೇ ಇಲ್ಲ. ತರಬೇತಿಗೆ ಹೋಗುವವರ ಬದಲಿಗೆ ಬೇಕಾಗುವ ಮೀಸಲು ಸಿಬ್ಬಂದಿಯನ್ನು ಹುದ್ದೆಗಳ ಲೆಕ್ಕದಲ್ಲಿಯೇ ಸೇರಿಸಲಾಗಿರುತ್ತದೆ. ಬ್ಯಾಂಕುಗಳಲ್ಲಿ ಖಜಾನೆ, ಅಪಾಯ ನಿರ್ವಹಣೆ, ಲೆಕ್ಕಪತ್ರ, ಸಾಲ ನಿರ್ವಹಣೆ ವಿಭಾಗಗಳಿಗೆ ಪ್ರಮಾಣೀಕೃತ ಅರ್ಹತೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಸೂಚಿಸಿತು. ಎರಡೂ ಕಡೆ ತರಬೇತಿ ಅಂಟಿಕೊಂಡಿರುವುದು ಹುದ್ದೆಗೆ.

ಮಾಡಬಹುದಾದದ್ದು

ಇದರಿಂದ ರಾಜ್ಯ ಸರ್ಕಾರ ಕಲಿಯಬಹುದಾದದ್ದು ಸರಳವಾಗಿದೆ. ಮೊದಲನೆಯದಾಗಿ, ಸಾರ್ವಜನಿಕರ ಹಕ್ಕಿಗೆ ನೇರವಾಗಿ ಸಂಬಂಧಿಸಿದ ಕೆಲವು ಹುದ್ದೆಗಳನ್ನು ಗುರುತಿಸಬೇಕು. ಭೂದಾಖಲೆ, ಆಸ್ತಿ ನೋಂದಣಿ, ಖಾತೆ, ಪಿಂಚಣಿ, ಖರೀದಿ ಇವಿಷ್ಟು ಆರಂಭಕ್ಕೆ ಸಾಕು. ಆ ಹುದ್ದೆಗೆ ಬರುವ ಮುನ್ನ ಅಥವಾ ಬಂದ ಮೂರು ತಿಂಗಳೊಳಗೆ ನಿಗದಿತ ತರಬೇತಿ ಮುಗಿಸಿ ಪರೀಕ್ಷೆ ಎದುರಿಸಬೇಕೆಂಬ ಷರತ್ತನ್ನು ವರ್ಗಾವಣೆ ಆದೇಶದಲ್ಲಿಯೇ ಸೇರಿಸಬೇಕು. ಎರಡನೆಯದಾಗಿ, ಹಾಗೆ ತರಬೇತಾದವರನ್ನು ಕನಿಷ್ಠ ಎರಡು ವರ್ಷ ಆ ಕೆಲಸದಿಂದ ಕದಲಿಸಬಾರದು; ಕದಲಿಸಲೇಬೇಕಾದರೆ ಅದೇ ಕೆಲಸದ ಇನ್ನೊಂದು ಕುರ್ಚಿಗೆ ಕಳುಹಿಸಬೇಕು. ಮೂರನೆಯದಾಗಿ, ಅದೇ ಕುರ್ಚಿಯಲ್ಲಿ ಕೆಲಸ ಮಾಡುವ ಹೊರಗುತ್ತಿಗೆ ಸಿಬ್ಬಂದಿಯನ್ನೂ ಮೇಲಧಿಕಾರಿಯನ್ನೂ ಜೊತೆಯಾಗಿ ತರಬೇತಿಗೆ ಕರೆಯಬೇಕು. ಏಜೆನ್ಸಿಗಳ ಒಪ್ಪಂದದಲ್ಲಿಯೇ ತರಬೇತಿಯ ದಿನಗಳನ್ನು ಕೆಲಸದ ದಿನಗಳೆಂದು ಪರಿಗಣಿಸಬೇಕು. ನಾಲ್ಕನೆಯದಾಗಿ, ಜಿಲ್ಲಾ ತರಬೇತಿ ಸಂಸ್ಥೆಗಳು ನೌಕರರನ್ನು ಕರೆಸಿಕೊಳ್ಳುವುದನ್ನು ಕಡಿಮೆ ಮಾಡಿ, ಬೋಧಕರನ್ನು ಕಚೇರಿಗಳಿಗೆ ಕಳುಹಿಸುವುದನ್ನು ರೂಢಿಸಿಕೊಳ್ಳಬೇಕು. ನಿವೃತ್ತ ಶಿರಸ್ತೇದಾರರು, ಲೆಕ್ಕಾಧೀಕ್ಷಕರು, ಉಪ ನೋಂದಣಾಧಿಕಾರಿಗಳಲ್ಲಿ ನುರಿತವರನ್ನು ಗೌರವಧನದ ಮೇಲೆ ವಾರಕ್ಕೆರಡು ದಿನ ಹೊಸಬರ ಮೇಜಿನ ಪಕ್ಕ ಕೂರಿಸಿದರೆ ಕಳಚಿದ ಕೊಂಡಿಯನ್ನು ಸ್ವಲ್ಪಮಟ್ಟಿಗಾದರೂ ಜೋಡಿಸಬಹುದು.

ಇದಕ್ಕೆ ಹಣ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ವೇತನ ವೆಚ್ಚದ ಶೇ 2.5ರಷ್ಟು ಎಂಬ ಗುರಿಯನ್ನು ಒಂದೇ ವರ್ಷದಲ್ಲಿ ತಲುಪಬೇಕಾಗಿಲ್ಲ. ಶೇ 0.5ರಿಂದ ಆರಂಭಿಸಿದರೂ ಅದನ್ನು ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಇಟ್ಟು, ವರ್ಷಾಂತ್ಯದಲ್ಲಿ ಬೇರೆ ವೆಚ್ಚಕ್ಕೆ ಮರುಹೊಂದಾಣಿಕೆ ಮಾಡದಂತೆ ನೋಡಿಕೊಂಡರೆ ಸಾಕು. ಇಕ್ಕಟ್ಟಿನ ವರ್ಷಗಳಲ್ಲಿ ಮೊದಲ ಕತ್ತರಿ ಬೀಳುವುದು ತರಬೇತಿಯ ಮೇಲೆ ಎಂಬುದು ಹಣಕಾಸು ಇಲಾಖೆಯ ಒಳಹೊರಗು ಬಲ್ಲವರಿಗೆಲ್ಲ ಗೊತ್ತು. ಇಷ್ಟೊಂದು ಹುದ್ದೆ ಖಾಲಿ ಇರುವಾಗ ತರಬೇತಿಗೆ ಯಾರನ್ನು ಕಳುಹಿಸುವುದು ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಹೊಸ ನೇಮಕಾತಿ ಮಾಡುವಾಗಲಾದರೂ ರೈಲ್ವೆಯ ಮಾದರಿಯಲ್ಲಿ ತರಬೇತಿ ಮೀಸಲು ಹುದ್ದೆಗಳನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುವುದೇ ಅದಕ್ಕೆ ಉತ್ತರ. ನೌಕರರ ಸಂಘಗಳು ಪರೀಕ್ಷೆಯೆಂದರೆ ವಿರೋಧಿಸಬಹುದು. ತಪ್ಪಾದಾಗ ಅಮಾನತು, ಇಲಾಖಾ ವಿಚಾರಣೆಗೆ ಗುರಿಯಾಗುವವರು ತಮ್ಮ ಸದಸ್ಯರೇ ಎಂಬುದನ್ನು ಅವು ನೆನೆದರೆ, ಕಲಿಸದೆ ಕೆಲಸ ಹೇರಬಾರದೆಂಬ ಬೇಡಿಕೆಯನ್ನು ಅವೇ ಮುಂದಿಡಬೇಕಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿಗಳ ಧರಣಿಯಲ್ಲಿ ಅದರ ಸುಳಿವು ಇತ್ತು.

2024ರಲ್ಲಿ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಜನ ಪಟ್ಟ ಪಾಡನ್ನು ಬೆಂಗಳೂರಿನವರು ಮರೆತಿಲ್ಲ. ಮುಂಬರುವ ವರ್ಷಗಳಲ್ಲಿ ಇನ್ನೂ ಹಲವು ಸೇವೆಗಳು ಗಣಕೀಕೃತವಾಗಲಿವೆ, ಹೊಸ ನೇಮಕಾತಿಯ ಸಾವಿರಾರು ಯುವಕ ಯುವತಿಯರು ಕಚೇರಿಗಳಿಗೆ ಬರಲಿದ್ದಾರೆ. ಮುಂದಿನ ಆಯವ್ಯಯದಲ್ಲಿ ಹೊಸ ತಂತ್ರಾಂಶಕ್ಕೆ ಹಣ ಕೇಳುವ ಪ್ರತಿ ಇಲಾಖೆಯನ್ನೂ ಹಣಕಾಸು ಇಲಾಖೆ ಎರಡು ಪ್ರಶ್ನೆ ಕೇಳಲಿ: ಇದನ್ನು ಬಳಸುವವರು ಯಾರು, ಅವರಿಗೆ ಕಲಿಸುವ ಹಣ ಎಲ್ಲಿದೆ? ಉತ್ತರ ಬರುವವರೆಗೆ ಆ ಪ್ರಸ್ತಾವವನ್ನು ಹಿಂದಿರುಗಿಸುವ ಅಧಿಕಾರ ಅದಕ್ಕೆ ಇಂದೂ ಇದೆ.